ಎರಡನೇ ಡೆರಿವೇಟಿವ್ ತಪ್ಪಿದಾಗ: ಇಂಪ್ಲಿಸಿಟ್ ಲೆಕ್ಕದಲ್ಲಿ ದೋಷ ಹುಡುಕುವ ಬಗೆ

ದ್ವಿತೀಯ ಪಿಯುಸಿಯಲ್ಲಿ ಇಂಪ್ಲಿಸಿಟ್ (ವೈ ಅನ್ನು ಬೇರೆಯಾಗಿ ಬಿಡಿಸದೆ ಎಕ್ಸ್ ಜೊತೆ ಒಂದೇ ಸಮೀಕರಣದಲ್ಲಿ ಬೆರೆಸಿ ಕೊಟ್ಟ) ಫಂಕ್ಷನ್‌ಗಳ ಮೊದಲ ಡೆರಿವೇಟಿವ್ ತೆಗೆಯುವುದು ಹೆಚ್ಚಿನ ಮಕ್ಕಳಿಗೆ ಬೇಗ ಕೈಗೆ ಹತ್ತುತ್ತದೆ. ಎರಡನೆಯದಕ್ಕೆ ಬಂದಾಗ ಅದೇ ಕೈ ತಡವರಿಸುತ್ತದೆ. ಪುಸ್ತಕದ ಹಿಂದಿನ ಉತ್ತರಕ್ಕೂ ತಮ್ಮ ಉತ್ತರಕ್ಕೂ ತಾಳೆ ಬೀಳುವುದಿಲ್ಲ. ಇಡೀ ಲೆಕ್ಕ ಹೊಡೆದುಹಾಕಿ ಮೊದಲಿನಿಂದ ಮಾಡಿದರೆ ಅದೇ ತಪ್ಪು ಉತ್ತರ ಮತ್ತೆ ಬಂದು ಕೂರುತ್ತದೆ. ತಪ್ಪು ಅಭ್ಯಾಸದಲ್ಲಿದ್ದರೆ ಎಷ್ಟು ಸಲ ಮಾಡಿದರೂ ಬರುವುದು ಅದೇ.

ಆದ್ದರಿಂದ ನನ್ನ ಸಲಹೆ ಇಷ್ಟು: ಮೊದಲಿನಿಂದ ಮಾಡಬೇಡಿ. ವಕ್ರರೇಖೆಯ ಮೇಲಿನ ಒಂದು ಬಿಂದು ಹಿಡಿದು, ಬರೆದ ಪ್ರತಿ ಸಾಲಿಗೂ ಅದರ ಬೆಲೆ ಹಾಕಿ ನೋಡಿ. ಪ್ರತಿ ತಪ್ಪಿಗೂ ಅದರದೇ ಒಂದು ಸಂಖ್ಯೆ ಬರುತ್ತದೆ. ಆ ಸಂಖ್ಯೆ ನೋಡಿಯೇ ತಪ್ಪು ಯಾವ ಸಾಲಿನಲ್ಲಿ ಹುಟ್ಟಿತು ಎಂದು ಹೇಳಿಬಿಡಬಹುದು.

ಗುರುತುಗಳ ಬಗ್ಗೆ ಒಂದು ಮಾತು. ಎಕ್ಸ್ ಅನ್ನು ಇಲ್ಲಿ ಕ್ಷ ಎಂದೂ ವೈ ಅನ್ನು ಯ ಎಂದೂ ಬರೆದಿದ್ದೇನೆ. ಯ′ ಅಂದರೆ ಡಿವೈ ಬೈ ಡಿಎಕ್ಸ್, ಯ″ ಅಂದರೆ ಎರಡನೇ ಡೆರಿವೇಟಿವ್.

ಪರೀಕ್ಷೆಗೆ ಒಂದು ವೃತ್ತ

ಉತ್ತರ ಮೊದಲೇ ಗೊತ್ತಿರುವ ಲೆಕ್ಕದಲ್ಲಿ ದೋಷ ಹುಡುಕುವುದು ಸುಲಭ. ಕ್ಷ² + ಯ² = 25 ಎಂಬ ವೃತ್ತವನ್ನೂ ಅದರ ಮೇಲಿನ (3, 4) ಬಿಂದುವನ್ನೂ ತೆಗೆದುಕೊಳ್ಳೋಣ. ಎರಡೂ ಬದಿಯನ್ನು ಡಿಫರೆನ್ಶಿಯೇಟ್ ಮಾಡಿ 2ರಿಂದ ಭಾಗಿಸಿದರೆ

ಸಾಲು 1: ಕ್ಷ + ಯ·ಯ′ = 0

ಬಿಂದುವನ್ನು ಹಾಕಿದರೆ 3 + 4ಯ′ = 0, ಅಂದರೆ ಯ′ = −3/4. ಈಗ ಸಾಲು 1ನ್ನೇ ಇನ್ನೊಮ್ಮೆ ಡಿಫರೆನ್ಶಿಯೇಟ್ ಮಾಡಿ.

ಸಾಲು 2: 1 + ಯ′·ಯ′ + ಯ·ಯ″ = 0

ಬಿಂದುವಿನಲ್ಲಿ 1 + 9/16 + 4ಯ″ = 0. ಯ″ = −25/64, ದಶಮಾಂಶದಲ್ಲಿ −0.390625. ಸಾಮಾನ್ಯ ರೂಪ ಬೇಕಿದ್ದರೆ ಯ′ ಜಾಗದಲ್ಲಿ −ಕ್ಷ/ಯ ಹಾಕಿ, ಕ್ಷ² + ಯ² ಬಂದಲ್ಲಿ 25 ಬರೆದರೆ ಯ″ = −25/ಯ³ ಸಿಗುತ್ತದೆ.

ಸಾಲು 1 ಆದಮೇಲೆ ಯ′ = −ಕ್ಷ/ಯ ಎಂದು ಬಿಡಿಸಿಕೊಂಡು ಕ್ವೋಶಂಟ್ ರೂಲ್ ಹಾಕುವುದು ತರಗತಿಗಳಲ್ಲಿ ರೂಢಿ. ಅದು ತಪ್ಪಲ್ಲ. ಆದರೆ ಆ ದಾರಿಯಲ್ಲಿ ಒಂದು ಭಾಗಾಕಾರ, ಹೊರಗೊಂದು ಮೈನಸ್, ಒಳಗೊಂದು ಮೈನಸ್, ಆಮೇಲೆ ಭಿನ್ನರಾಶಿಯೊಳಗೊಂದು ಭಿನ್ನರಾಶಿ ಬರುತ್ತದೆ. ಎಡವುವುದಕ್ಕೆ ಅಲ್ಲಿ ನಾಲ್ಕು ಜಾಗ. ಭಾಗಿಸದೆ, ಇದ್ದ ಸಮೀಕರಣವನ್ನೇ ಎರಡನೇ ಸಲ ಡಿಫರೆನ್ಶಿಯೇಟ್ ಮಾಡಿದರೆ ಎಡವುವ ಜಾಗ ಒಂದೇ: ಯ·ಯ′ ಎಂಬ ಗುಣಲಬ್ಧ. ಕ್ಷ ಬದಲಾದಂತೆ ಯ ಬದಲಾಗುತ್ತದೆ, ಯ′ ಕೂಡ ಬದಲಾಗುತ್ತದೆ. ಇವೆರಡರಲ್ಲಿ ಒಂದನ್ನು ಮರೆತರೂ ಲೆಕ್ಕ ಕೆಡುತ್ತದೆ. ನಾನು ಕಂಡ ತಪ್ಪುಗಳಲ್ಲಿ ಹೆಚ್ಚಿನವು ಈ ಒಂದೇ ಪದದ ಸುತ್ತ ಇವೆ.

ಬಂದ ಸಂಖ್ಯೆಯಿಂದ ದೋಷದ ಗುರುತು

ನಿಮ್ಮ ವಿಧಾನವನ್ನು ಇದೇ ವೃತ್ತದ ಮೇಲೆ, ಇದೇ (3, 4) ಬಿಂದುವಿನಲ್ಲಿ ಓಡಿಸಿ. ಬಂದ ಉತ್ತರ ಯಾವುದು?

*−1/4 ಬಂದರೆ* ನೀವು ಎರಡನೇ ಸುತ್ತಿನಲ್ಲಿ ಯ ಅನ್ನು ಸ್ಥಿರಾಂಕ ಎಂದುಕೊಂಡಿದ್ದೀರಿ. −ಕ್ಷ/ಯ ಎಂಬುದನ್ನು ನೋಡಿ, ಮೇಲಿನ ಕ್ಷ ಮಾತ್ರ ಬದಲಾಗುತ್ತದೆ ಎಂದು −1/ಯ ಬರೆದಿರುತ್ತೀರಿ. ಸಾಲು 2ರಲ್ಲಿ ಮಧ್ಯದ ಯ′·ಯ′ ಬಿಟ್ಟುಹೋಗಿದ್ದರೂ ಇದೇ ಸಂಖ್ಯೆ ಬರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಕಾಣಸಿಗುವ ದೋಷ ಇದೇ, ಮತ್ತು ಅದಕ್ಕೆ ಕಾರಣವೂ ಇದೆ. ಮೊದಲ ಸುತ್ತಿನಲ್ಲಿ ‘ಯ² ಕಂಡರೆ 2ಯ·ಯ′’ ಎಂದು ಬಾಯಿಪಾಠವಾಗಿರುತ್ತದೆ, ಹಾಗಾಗಿ ಅಲ್ಲಿ ತಪ್ಪುವುದಿಲ್ಲ. ಎರಡನೇ ಸುತ್ತಿನಲ್ಲಿ ಯ ಒಂಟಿಯಾಗಿ ಛೇದದಲ್ಲಿ ಕೂತಿರುತ್ತದೆ, ನೋಡಲು ಒಂದು ಸಂಖ್ಯೆಯ ಹಾಗೆ. ಚೈನ್ ರೂಲ್ ಅಲ್ಲಿಗೂ ಅನ್ವಯಿಸುತ್ತದೆ ಎಂಬುದು ಹೊಳೆಯುವುದಿಲ್ಲ. ಪರಿಹಾರಕ್ಕೆ ಒಂದು ಎಣಿಕೆ ಸಾಕು. ಡಿಫರೆನ್ಶಿಯೇಟ್ ಮಾಡುವ ಮೊದಲು ಆ ಸಾಲಿನಲ್ಲಿ ಯ ಎಷ್ಟು ಕಡೆ ಇದೆ ಎಂದು ಪೆನ್ಸಿಲಿನಿಂದ ಸುತ್ತುಹಾಕಿ. ಪ್ರತಿ ಸುತ್ತಿಗೂ ಮುಂದಿನ ಸಾಲಿನಲ್ಲಿ ಒಂದು ಹೊಸ ಯ′ ಹುಟ್ಟಿರಬೇಕು. ಪ್ರತಿ ಯ′ ಗುರುತಿಗೂ ಒಂದು ಯ″ ಹುಟ್ಟಿರಬೇಕು.

*−1/16 ಬಂದರೆ* ಯ·ಯ′ಗೆ ಪ್ರಾಡಕ್ಟ್ ರೂಲ್ ಹಾಕಿದ್ದೀರಿ, ಆದರೆ ಯದ ಡೆರಿವೇಟಿವ್ ಅನ್ನು 1 ಎಂದು ಬರೆದಿದ್ದೀರಿ. ನಿಮ್ಮ ಸಾಲು 2 ಹೀಗಾಗಿದೆ: 1 + ಯ′ + ಯ·ಯ″ = 0. ನಾವು ಡಿಫರೆನ್ಶಿಯೇಟ್ ಮಾಡುತ್ತಿರುವುದು ಕ್ಷ ಕುರಿತು. ಕ್ಷ ಕುರಿತು ಕ್ಷದ ಡೆರಿವೇಟಿವ್ 1, ಯದ ಡೆರಿವೇಟಿವ್ ಯ′.

*4/3 ಬಂದರೆ* ಗುಣಲಬ್ಧದ ಡೆರಿವೇಟಿವ್ ಅಂದರೆ ಡೆರಿವೇಟಿವ್‌ಗಳ ಗುಣಲಬ್ಧ ಎಂದುಕೊಂಡಿದ್ದೀರಿ: 1 + ಯ′·ಯ″ = 0. ಇದು ಇಂಪ್ಲಿಸಿಟ್ ವಿಷಯದ ದೋಷವೇ ಅಲ್ಲ, ಪ್ರಾಡಕ್ಟ್ ರೂಲ್ ಕಡೆ ಮರಳಿ ಹೋಗಬೇಕು.

*−7/64 ಬಂದರೆ* ವಿಧಾನ ಪೂರ್ತಿ ಸರಿ, ಒಂದು ಮೈನಸ್ ಮಾತ್ರ ಕಳೆದುಹೋಗಿದೆ. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕ್ವೋಶಂಟ್ ರೂಲ್ ಪ್ರಕಾರ

ಯ″ = −(ಯ − ಕ್ಷ·ಯ′)/ಯ²

ಇಲ್ಲಿಯವರೆಗೆ ಸರಿ. ಈಗ ಯ′ ಜಾಗದಲ್ಲಿ −ಕ್ಷ/ಯ ಹಾಕಬೇಕು. ಆವರಣ ಹಾಕಿ ಬರೆದರೆ ಯ − ಕ್ಷ·(−ಕ್ಷ/ಯ), ಅಂದರೆ ಯ + ಕ್ಷ²/ಯ. ಆವರಣ ಬಿಟ್ಟರೆ ಎರಡು ಮೈನಸ್‌ಗಳಲ್ಲಿ ಒಂದು ಇನ್ನೊಂದರೊಳಗೆ ಮುಳುಗಿ ಯ − ಕ್ಷ²/ಯ ಎಂದಾಗುತ್ತದೆ. ಕೊನೆಗೆ ಉತ್ತರ −(ಯ² − ಕ್ಷ²)/ಯ³. ಬಿಂದು ಹಾಕದೆಯೂ ಈ ಉತ್ತರವನ್ನು ಹಿಡಿಯಬಹುದು. ಇದು ನಿಜವಾದರೆ ಕ್ಷ = ಯ ಆದಲ್ಲಿ ಯ″ ಸೊನ್ನೆಯಾಗಬೇಕು, ಅಂದರೆ ವೃತ್ತ ಆ ಜಾಗದಲ್ಲಿ ಬಾಗುವುದನ್ನು ನಿಲ್ಲಿಸಬೇಕು. ವೃತ್ತ ಎಲ್ಲೂ ಹಾಗೆ ಮಾಡುವುದಿಲ್ಲ. ಯ′ ಜಾಗದಲ್ಲಿ ಏನನ್ನೇ ಹಾಕಿದರೂ ಆವರಣದೊಳಗೇ ಹಾಕುವುದನ್ನು ಕೈಗೆ ರೂಢಿ ಮಾಡಿಸಿ.

*+25/64 ಬಂದರೆ* ಕ್ವೋಶಂಟ್ ರೂಲ್‌ನಲ್ಲಿ ಕಳೆಯುವ ಕ್ರಮ ಅದಲುಬದಲಾಗಿದೆ, ಇಲ್ಲವೇ ಹೊರಗಿನ ಮೈನಸ್ ಬಿದ್ದುಹೋಗಿದೆ. ಚಿತ್ರ ಬರೆದು ನೋಡಿ. (3, 4) ವೃತ್ತದ ಮೇಲರ್ಧದಲ್ಲಿದೆ, ಅಲ್ಲಿ ರೇಖೆ ಕೆಳಗೆ ಬಾಗುತ್ತದೆ, ಹಾಗಾಗಿ ಯ″ ಋಣವೇ ಆಗಿರಬೇಕು. (3, −4) ಬಿಂದುವಿನಲ್ಲಿ ಮಾತ್ರ ಅದು +25/64.

*9/16 ಬಂದರೆ* ಯ′ ಅನ್ನು ವರ್ಗ ಮಾಡಿದ್ದೀರಿ. ಡಿ-ಸ್ಕ್ವೇರ್ ವೈ ಬೈ ಡಿಎಕ್ಸ್-ಸ್ಕ್ವೇರ್ ಎಂದು ಓದುವಾಗ ‘ಸ್ಕ್ವೇರ್’ ಕಿವಿಗೆ ಬೀಳುವುದರಿಂದ ಹೊಸಬರಿಗೆ ಈ ಗೊಂದಲ ಸಹಜ. *ಸೊನ್ನೆ ಬಂದರೆ* (3, 4) ಬಿಂದುವನ್ನು ಅವಸರದಲ್ಲಿ ಸಾಲು 1ಕ್ಕೇ ಹಾಕಿ, ಸಿಕ್ಕ −3/4 ಎಂಬ ಸಂಖ್ಯೆಯನ್ನು ಡಿಫರೆನ್ಶಿಯೇಟ್ ಮಾಡಿದ್ದೀರಿ. ಡಿಫರೆನ್ಶಿಯೇಟ್ ಮಾಡುವುದೆಲ್ಲ ಮುಗಿಯುವ ತನಕ ಅಕ್ಷರಗಳು ಅಕ್ಷರಗಳಾಗಿಯೇ ಇರಲಿ.

ಪಟ್ಟಿಯಲ್ಲಿಲ್ಲದ ಸಂಖ್ಯೆ ಬಂದಾಗ

ಬೇರೆ ವಕ್ರರೇಖೆಯಲ್ಲಿ ಸರಿಯಾದ ಉತ್ತರ ಯಾವುದೆಂದೇ ಗೊತ್ತಿರುವುದಿಲ್ಲ. ಆಗ ಡೆರಿವೇಟಿವ್‌ನ ಸಹವಾಸವೇ ಇಲ್ಲದೆ, ಬರೀ ಕ್ಯಾಲ್ಕುಲೇಟರಿನಿಂದ ಯ″ ಅಂದಾಜು ಮಾಡಬಹುದು. ಬಿಂದುವಿನ ಎರಡೂ ಪಕ್ಕದಲ್ಲಿ 0.1 ದೂರ ಸರಿದು ಯ ಕಂಡುಹಿಡಿಯಿರಿ. ಆ ಎರಡನ್ನು ಕೂಡಿ, ನಡುವಿನ ಯದ ಎರಡರಷ್ಟನ್ನು ಕಳೆದು, 0.1ರ ವರ್ಗದಿಂದ, ಅಂದರೆ 0.01ರಿಂದ, ಭಾಗಿಸಿ.

ನಮ್ಮ ವೃತ್ತದಲ್ಲಿ ಕ್ಷ = 3.1 ಆದಾಗ ಯ = √15.39 = 3.923009. ಕ್ಷ = 2.9 ಆದಾಗ ಯ = √16.59 = 4.073082. ಮೊತ್ತ 7.996091. ಅದರಿಂದ 8 ಕಳೆದರೆ −0.003909. 0.01ರಿಂದ ಭಾಗಿಸಿದರೆ −0.3909. ನಮ್ಮ −0.390625ಕ್ಕೆ ಇದು ತಾಗಿಕೊಂಡೇ ಇದೆ. −0.25 ಆಗಲಿ −0.109 ಆಗಲಿ ಇದರ ಹತ್ತಿರವೂ ಸುಳಿಯುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಬೇಕು. ದಶಮಾಂಶ ಸ್ಥಾನಗಳನ್ನು ಉಳಿತಾಯ ಮಾಡಬೇಡಿ. ಎರಡೇ ಸ್ಥಾನಕ್ಕೆ ನಿಲ್ಲಿಸಿದರೆ 3.92 + 4.07 − 8 = −0.01, ಉತ್ತರ −1 ಎಂದು ಬರುತ್ತದೆ. ಸರಿಯಾದ ಲೆಕ್ಕ ಮಾಡಿದವರೂ ಇದನ್ನು ನೋಡಿ ತಮ್ಮದೇ ತಪ್ಪು ಎಂದುಕೊಳ್ಳುತ್ತಾರೆ. ತುಂಬ ಹತ್ತಿರದ ಸಂಖ್ಯೆಗಳನ್ನು ಒಂದರಿಂದೊಂದು ಕಳೆಯುವಾಗ ಮುಂದಿನ ಅಂಕಿಗಳೆಲ್ಲ ರದ್ದಾಗಿ ಹಿಂದಿನ ಅಂಕಿಗಳಷ್ಟೇ ಉಳಿಯುತ್ತವೆ. ಅವುಗಳನ್ನೇ ಕತ್ತರಿಸಿದರೆ ಉಳಿಯುವುದೇನು? ಕನಿಷ್ಠ ಐದು ಸ್ಥಾನ ಇರಲಿ.

ವೃತ್ತಗಳಿಗೆ ಇನ್ನೊಂದು ಸೊಗಸಾದ ಪರೀಕ್ಷೆ ಇದೆ. 1 + ಯ′² ಎಂಬುದನ್ನು 3/2 ಘಾತಕ್ಕೆ ಏರಿಸಿ, ಯ″ದಿಂದ ಭಾಗಿಸಿ, ಚಿಹ್ನೆ ಬಿಟ್ಟು ನೋಡಿದರೆ ವೃತ್ತದ ತ್ರಿಜ್ಯವೇ ಬರಬೇಕು. ಇಲ್ಲಿ 1 + 9/16 = 25/16. ಅದರ ವರ್ಗಮೂಲ 5/4, ಅದರ ಘನ 125/64. 25/64ರಿಂದ ಭಾಗಿಸಿದರೆ ಸರಿಯಾಗಿ 5. ಕೇಂದ್ರ ಎಲ್ಲೇ ಇರಲಿ, ವೃತ್ತದ ಮೇಲಿನ ಬಿಂದು ಯಾವುದೇ ಇರಲಿ, ಯ′ ಮತ್ತು ಯ″ ಎರಡೂ ಸರಿ ಇದ್ದರೆ ಉತ್ತರ ತ್ರಿಜ್ಯವೇ.

ಕ್ಷ ಮತ್ತು ಯ ಗುಣಿಸಿಕೊಂಡಿರುವಾಗ

ವೃತ್ತದಲ್ಲಿ ಪಾಸಾದವರೂ ಇಲ್ಲಿ ಎಡವುತ್ತಾರೆ. ಕ್ಷ² + ಕ್ಷ·ಯ + ಯ² = 7, ಬಿಂದು (1, 2). ಮೊದಲು 1 + 2 + 4 = 7 ಎಂದು ಬಿಂದು ರೇಖೆಯ ಮೇಲಿದೆಯೇ ನೋಡಿಕೊಳ್ಳಿ. ಇದನ್ನು ನೋಡದೆ ಅರ್ಧ ಗಂಟೆ ಕಳೆಯುವವರಿದ್ದಾರೆ.

ಸಾಲು 1: 2ಕ್ಷ + ಯ + ಕ್ಷ·ಯ′ + 2ಯ·ಯ′ = 0

ಬಿಂದುವಿನಲ್ಲಿ 4 + 5ಯ′ = 0, ಯ′ = −4/5.

ಸಾಲು 2: 2 + ಯ′ + (ಯ′ + ಕ್ಷ·ಯ″) + (2ಯ′² + 2ಯ·ಯ″) = 0

ಗಮನಿಸಿ, ಒಂಟಿ ಯ′ ಎರಡು ಕಡೆಯಿಂದ ಬಂದಿದೆ. ಒಂದು ಸಾಲು 1ರ ಒಂಟಿ ಯದಿಂದ, ಇನ್ನೊಂದು ಕ್ಷ·ಯ′ ಪದದಿಂದ. ಸಂಖ್ಯೆ ಹಾಕಿದರೆ 2 − 1.6 + 1.28 + 5ಯ″ = 0, ಯ″ = −0.336, ಅಂದರೆ −42/125. ನಿಮಗೆ −0.496 ಬಂದಿದ್ದರೆ ಒಂದು ಯ′ ಕೈಬಿಟ್ಟಿದೆ. −0.08 ಬಂದಿದ್ದರೆ 2ಯ′² ಕೈಬಿಟ್ಟಿದೆ. ಮರೆಯದಿರಲು ಸುಲಭದ ದಾರಿ ನಾನು ಮೇಲೆ ಮಾಡಿದ್ದೇ: ಪ್ರತಿ ಪದದ ಫಲವನ್ನು ಅದರದೇ ಆವರಣದಲ್ಲಿ ಇಡುವುದು. ಒಂದೇ ಸಾಲಿನಲ್ಲಿ ಡಿಫರೆನ್ಶಿಯೇಟ್ ಮಾಡುತ್ತಲೇ ಕೂಡಿಸುವ ಚಾಳಿ ಬಿಡಿ. ಮೊದಲು ಬಿಡಿಸಿ ಬರೆಯಿರಿ, ಮುಂದಿನ ಸಾಲಿನಲ್ಲಿ ಕೂಡಿಸಿ.

ಪದವಿ ತರಗತಿಯವರಿಗೆ ಇನ್ನೊಂದು ಸಾಕ್ಷಿ ಇದೆ. ಸಮೀಕರಣದ ಎಡಬದಿಯ ಪಾರ್ಶಿಯಲ್ ಡೆರಿವೇಟಿವ್‌ಗಳನ್ನು ಪಿ (ಕ್ಷ ಕುರಿತು), ಕ್ಯೂ (ಯ ಕುರಿತು), ಆರ್ (ಕ್ಷ ಕುರಿತು ಎರಡು ಸಲ), ಎಸ್ (ಎರಡೂ ಕುರಿತು ಒಂದೊಂದು ಸಲ), ಟಿ (ಯ ಕುರಿತು ಎರಡು ಸಲ) ಎಂದು ಕರೆದರೆ

ಯ″ = −(ಆರ್·ಕ್ಯೂ² − 2·ಪಿ·ಕ್ಯೂ·ಎಸ್ + ಟಿ·ಪಿ²)/ಕ್ಯೂ³

ಇಲ್ಲಿ ಪಿ = 4, ಕ್ಯೂ = 5, ಆರ್ = 2, ಎಸ್ = 1, ಟಿ = 2. ಆವರಣದೊಳಗೆ 50 − 40 + 32 = 42, ಛೇದ 125. ಅದೇ ಉತ್ತರ. ಪಿಯುಸಿ ಮಕ್ಕಳು ಇದನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ. ಸೂತ್ರ ಗೊತ್ತಿದ್ದು ಸಾಲು 2 ಯಾಕೆ ಹಾಗಿದೆ ಎಂದು ತಿಳಿಯದಿದ್ದರೆ ಪ್ರಯೋಜನವಿಲ್ಲ. ಪರೀಕ್ಷಿಸಿ ನೋಡುವುದಕ್ಕಂತೂ ಇದು ಬಲು ಗಟ್ಟಿ.

ಉತ್ತರ ಬೇರೆ ಕಾಣುತ್ತದೆ, ದೋಷ ಇಲ್ಲ

ಕೆಲವು ಸಲ ನಿಮ್ಮ ಉತ್ತರವೂ ಸರಿ, ಪುಸ್ತಕದ್ದೂ ಸರಿ. ಇಂಪ್ಲಿಸಿಟ್ ಲೆಕ್ಕದಲ್ಲಿ ಮೂಲ ಸಮೀಕರಣವನ್ನು ಯಾವಾಗ ಬೇಕಾದರೂ ಮತ್ತೆ ಬಳಸಬಹುದಾದ್ದರಿಂದ ಒಂದೇ ಉತ್ತರಕ್ಕೆ ಹಲವು ರೂಪ ಇರುತ್ತವೆ. √ಕ್ಷ + √ಯ = 1 ಎಂಬುದರಲ್ಲಿ ಯ′ = −√ಯ/√ಕ್ಷ, ಮುಂದೆ ಯ″ = (√ಕ್ಷ + √ಯ)/(2ಕ್ಷ√ಕ್ಷ) ಎಂದು ಬರುತ್ತದೆ. ಪುಸ್ತಕದಲ್ಲಿ 1/(2ಕ್ಷ√ಕ್ಷ) ಎಂದಿರುತ್ತದೆ. ಅಂಶದಲ್ಲಿರುವುದು 1 ಎಂದು ಪ್ರಶ್ನೆಯೇ ಹೇಳಿದೆ, ಅಷ್ಟೇ. ಎರಡಕ್ಕೂ ಒಂದು ಬಿಂದು ಹಾಕಿ. ಸಂಖ್ಯೆ ಒಂದೇ ಬಂದರೆ ಲೆಕ್ಕ ಬದಲಿಸಬೇಡಿ, ರೂಪ ಬದಲಿಸಿ. ಹಾಕುವ ಬಿಂದು ರೇಖೆಯ ಮೇಲಿರಲಿ. ಮನಸ್ಸಿಗೆ ಬಂದ ಸಂಖ್ಯೆ ಹಾಕಿದರೆ ಎರಡು ಸರಿ ಉತ್ತರಗಳೂ ಹೊಂದುವುದಿಲ್ಲ. ಇಲ್ಲಿ (1/4, 1/4) ಒಳ್ಳೆಯ ಬಿಂದು, ಎರಡೂ ಕಡೆ 4 ಬರುತ್ತದೆ.

‘ತೋರಿಸಿ’ ಎಂದು ಕೇಳುವ ಪ್ರಶ್ನೆಗಳಲ್ಲಿ ತೊಂದರೆ ಬೇರೆ ರೀತಿಯದು. ಇ^ಯ·(ಕ್ಷ + 1) = 1 ಆದರೆ ಯ″ = (ಯ′)² ಎಂದು ತೋರಿಸಬೇಕು ಅನ್ನಿ (ಇ ಅಂದರೆ ಸುಮಾರು 2.718 ಬೆಲೆಯ ಸ್ಥಿರಾಂಕ, ಇ^ಯದ ಡೆರಿವೇಟಿವ್ ಇ^ಯ·ಯ′). ಮೊದಲ ಸುತ್ತಿನಲ್ಲಿ ಇ^ಯ + (ಕ್ಷ + 1)·ಇ^ಯ·ಯ′ = 0. ಹೀಗೇ ಮುಂದುವರಿದರೆ ಮೂರು ಅಪವರ್ತನಗಳ ಗುಣಲಬ್ಧವನ್ನು ಡಿಫರೆನ್ಶಿಯೇಟ್ ಮಾಡುವ ಪಾಡು. ಇ^ಯ ಎಂದೂ ಸೊನ್ನೆಯಾಗದು, ಆದ್ದರಿಂದ ಅದರಿಂದ ಭಾಗಿಸಿಬಿಡಿ: 1 + (ಕ್ಷ + 1)·ಯ′ = 0. ಈಗ ಎರಡನೇ ಸುತ್ತು ಒಂದೇ ಉಸಿರಿನದು: ಯ′ + (ಕ್ಷ + 1)·ಯ″ = 0. ಯ″ = −ಯ′/(ಕ್ಷ + 1), ಮತ್ತು −1/(ಕ್ಷ + 1) ಎಂಬುದೇ ಯ′. ಎರಡು ಸುತ್ತುಗಳ ನಡುವೆ ಸಾಲನ್ನು ಚೊಕ್ಕ ಮಾಡಿಕೊಳ್ಳುವ ಈ ಒಂದು ನಿಮಿಷ ಬಹಳ ತಪ್ಪುಗಳನ್ನು ಹುಟ್ಟುವ ಮೊದಲೇ ತಡೆಯುತ್ತದೆ.

ತೊಂದರೆ ಬಿಂದುವಿನಲ್ಲೇ ಇದ್ದಾಗ

ನಮ್ಮ ವೃತ್ತದಲ್ಲಿ (5, 0) ಬಿಂದು ಹಾಕಿದರೆ ಸಾಲು 1 ಹೇಳುವುದು 5 + 0 = 0. ಇದು ನಿಮ್ಮ ತಪ್ಪಲ್ಲ. ಅಲ್ಲಿ ಸ್ಪರ್ಶಕ ನೆಟ್ಟಗೆ ನಿಂತಿದೆ, ಯ′ ಎಂಬುದೇ ಇಲ್ಲ, ಹಾಗಾಗಿ ಯ″ ಕೂಡ ಇಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ಫ್ರೆಂಚ್ ಗಣಿತಜ್ಞ ಡೆಕಾರ್ಟ್‌ನ ಎಲೆಯಾಕಾರದ ವಕ್ರರೇಖೆ, ಫೋಲಿಯಂ. 1638ರಲ್ಲಿ ಡೆಕಾರ್ಟ್ ಈ ರೇಖೆಗೆ ಸ್ಪರ್ಶಕ ಎಳೆದು ತೋರಿಸುವಂತೆ ಇನ್ನೊಬ್ಬ ಗಣಿತಜ್ಞ ಫರ್ಮಾಗೆ ಸವಾಲು ಹಾಕಿದ್ದ, ಫರ್ಮಾ ಎಳೆದೂ ತೋರಿಸಿದ. ಕ್ಯಾಲ್ಕುಲಸ್ ಕಟ್ಟಿದವರಲ್ಲಿ ಒಬ್ಬನಾದ ನ್ಯೂಟನ್ ಆಗಿನ್ನೂ ಹುಟ್ಟಿರಲಿಲ್ಲ ಎಂಬುದನ್ನು ನೆನೆದರೆ ಆ ಸವಾಲಿನ ತೂಕ ತಿಳಿಯುತ್ತದೆ. ಅದರ ಒಂದು ರೂಪ ಕ್ಷ³ + ಯ³ = 6ಕ್ಷ·ಯ. ಡಿಫರೆನ್ಶಿಯೇಟ್ ಮಾಡಿ 3ರಿಂದ ಭಾಗಿಸಿದರೆ

ಸಾಲು 1: ಕ್ಷ² + ಯ²·ಯ′ = 2ಯ + 2ಕ್ಷ·ಯ′

ಸಾಲು 2: 2ಕ್ಷ + 2ಯ·ಯ′² + ಯ²·ಯ″ = 4ಯ′ + 2ಕ್ಷ·ಯ″

(3, 3) ಬಿಂದುವಿನಲ್ಲಿ ಸಾಲು 1ರಿಂದ ಯ′ = −1. ಸಾಲು 2ರಿಂದ 12 + 9ಯ″ = −4 + 6ಯ″, ಯ″ = −16/3. ಯ″ದ ಸಾಮಾನ್ಯ ಸೂತ್ರ ತೆಗೆಯಲು ಹೊರಟಿದ್ದರೆ ಒಂದು ಪುಟ ಬೇಕಿತ್ತು. ಒಂದು ಬಿಂದುವಿನ ಬೆಲೆಯನ್ನಷ್ಟೇ ಕೇಳಿದಾಗ ಸಾಲು 2 ಬರೆದ ಕೂಡಲೇ ಸಂಖ್ಯೆ ಹಾಕಿಬಿಡಿ.

ಈಗ ಮೂಲಬಿಂದು (0, 0). ಸಾಲು 1ಕ್ಕೆ ಹಾಕಿದರೆ 0 = 0, ಯ′ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಭಾಗಿಸಿ ಬರೆದಿದ್ದರೆ 0/0. ಇಲ್ಲಿ ಹಲವರು ‘ಉತ್ತರ ಇಲ್ಲ’ ಎಂದು ಬರೆದು ಮುಂದೆ ಹೋಗುತ್ತಾರೆ. ಅಸಲಿಗೆ ಎಲೆಯ ಎರಡು ಕವಲುಗಳು ಇದೇ ಬಿಂದುವನ್ನು ಹಾದುಹೋಗುತ್ತವೆ, ಒಂದು ಅಡ್ಡಲಾಗಿ, ಒಂದು ನೆಟ್ಟಗೆ. ಯಾವ ಕವಲು ಎಂದು ಹೇಳದಿದ್ದರೆ ಸಮೀಕರಣ ಉತ್ತರ ಕೊಡಲಾರದು. ಅಡ್ಡ ಕವಲನ್ನು ಹಿಡಿದು ಸಾಲು 2ಕ್ಕೆ (0, 0) ಹಾಕಿದರೆ ಎಡಬದಿ ಸೊನ್ನೆ, ಬಲಬದಿ 4ಯ′, ಹಾಗಾಗಿ ಯ′ = 0. ಯ″ ಇನ್ನೂ ಸಿಕ್ಕಿಲ್ಲ, ಏಕೆಂದರೆ ಅದರ ಪಕ್ಕದ ಗುಣಕಗಳೆಲ್ಲ ಸೊನ್ನೆಯಾಗಿವೆ. ಇನ್ನೊಮ್ಮೆ ಡಿಫರೆನ್ಶಿಯೇಟ್ ಮಾಡಿ. ಕ್ಷ, ಯ, ಯ′ ಇರುವ ಪದಗಳೆಲ್ಲ ಮೂಲಬಿಂದುವಿನಲ್ಲಿ ಅಳಿದು, ಎಡಕ್ಕೆ 2, ಬಲಕ್ಕೆ 4ಯ″ + 2ಯ″ ಉಳಿಯುತ್ತದೆ. ಯ″ = 1/3. ಕ್ಷ ತೀರ ಚಿಕ್ಕದಿರುವಾಗ ಈ ಕವಲಿನಲ್ಲಿ ಯ³ ಲೆಕ್ಕಕ್ಕೇ ಬಾರದಷ್ಟು ಸಣ್ಣದು. ಅದನ್ನು ಬಿಟ್ಟರೆ ಕ್ಷ³ = 6ಕ್ಷ·ಯ, ಅಂದರೆ ಯ = ಕ್ಷ²/6. ಅದರ ಎರಡನೇ ಡೆರಿವೇಟಿವ್ ಕೂಡ 1/3. ನೆಟ್ಟಗಿನ ಕವಲಿಗೆ ಅಲ್ಲಿ ಯ′ ಇಲ್ಲ. ಆದರೆ ಸಮೀಕರಣದಲ್ಲಿ ಕ್ಷ ಮತ್ತು ಯ ಜಾಗ ಬದಲಿಸಿದರೂ ಅದು ಹಾಗೇ ಉಳಿಯುವುದರಿಂದ, ಕ್ಷ ಅನ್ನು ಯದ ಫಂಕ್ಷನ್ ಎಂದು ಹಿಡಿದು ಇದೇ ಲೆಕ್ಕ ಮಾಡಿ. ಅಲ್ಲೂ 1/3 ಬರುತ್ತದೆ.